ಒತ್ತಿದ್ದು ನೆನಪಿಲ್ಲ

ಗದ್ವಾಲ
ನವೆಂಬರ್ 9, 2024

ಅಪ್ಪಾ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಹತ್ತಿಯ ಹಂಗಾಮು ಶುರುವಾಗಿದೆ, ಉತ್ತರ ಬರೆಯಲು ಕೈ ಬಿಡುವಾಗಿರಲಿಲ್ಲ. ಅನ್ನಮ್ಮತ್ತೆ ದಿನಾ ಬೆಳಿಗ್ಗೆ ನನ್ನ ಬುತ್ತಿ ಕಟ್ಟುತ್ತ ಕೇಳುತ್ತಾರೆ: "ನಿಮ್ಮಪ್ಪಗ ಬರದ್ಯೇನವಾ? ಆ ಕಿವುಡಗ ಫೋನ್ ಹಚ್ಚಿದ್ರ ಕೇಳಸ್ತೈತೇನು? ನಿನ್ನ ಕಾಗದಾನ ಅವನ ಕಿವಿ." ತಾಯಣ್ಣ ಮಾವ ಪಕ್ಕದಲ್ಲಿ ಕೂತು ನಗುತ್ತಾರೆ. ರಾಯಚೂರಿನ ಮಿಲ್ಲಿನಲ್ಲಿ ನೀವಿಬ್ಬರೂ ಹನ್ನೆರಡು ವರ್ಷ ಒಂದೇ ಸಾಲಿನಲ್ಲಿ ನಿಂತಿದ್ದಿರಂತೆ. ಆ ಗುರುತಿಗೇ ಗಂಡ ಹೆಂಡತಿ ಇಬ್ಬರೂ ನನ್ನನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಸದ್ದು ನಿಮ್ಮ ಕಿವಿಯನ್ನು ತಿಂದಿತು, ಅವರದನ್ನು ಬಿಟ್ಟಿತು. ಅದನ್ನು ಹೇಳುವಾಗ ಮಾತ್ರ ಅವರು ನಗುವುದಿಲ್ಲ.

ಸುದ್ದಿ ಏನೆಂದರೆ, ನಮ್ಮ ಜಿನ್ನಿಂಗ್ ಮಿಲ್ಲಿಗೆ ಹೊಸ ಪ್ಯಾನೆಲ್ ಬಂದಿದೆ. ಎರಡು ವರ್ಷ ನಾನಿಲ್ಲಿ ಹೇಗಿದ್ದೆ ಎಂದು ನಿಮಗೆ ಗೊತ್ತು. ಪಾಲಿಟೆಕ್ನಿಕ್ ಮುಗಿಸಿದ್ದರೂ ಹತ್ತಿ ಪೆಂಡಿಗಳ, ಅದೇ ಬೇಲುಗಳ, ತೂಕ ಬರೆದುಕೊಳ್ಳುವುದಷ್ಟೇ ಕೆಲಸ. ಮೇನ್ ಬೋರ್ಡಿನ ಹತ್ತಿರ ಹೋದರೆ ಆಪರೇಟರುಗಳು, "ಏ ತಂಗೀ, ದೂರ ನಿಂದ್ರು, ಇದು ಹೆಣ್ಮಕ್ಕಳ ಕೆಲಸಲ್ಲ" ಎನ್ನುತ್ತಿದ್ದರು. ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ, ಯಾವ ಮೋಟಾರು ಬಿಸಿಯಾದರೆ ಎಷ್ಟು ಹೊತ್ತು ಬಿಡಬೇಕು, ಎಲ್ಲವೂ ಅವರ ತಲೆಯಲ್ಲಿತ್ತು. ಯಾರಿಗೂ ಹೇಳಿಕೊಡುತ್ತಿರಲಿಲ್ಲ.

ಈಗ ಅದೆಲ್ಲ ಒಂದು ಗಾಜಿನ ಹಲಗೆಯ ಮೇಲೆ ಬಂದಿದೆ. ಮಿಲ್ಲಿನ ಪ್ರತಿ ಯಂತ್ರದ ಚಿತ್ರವೂ ಅದರಲ್ಲಿದೆ. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಬೆರಳು ಇಟ್ಟರೆ ಓಡುತ್ತದೆ, ಬೆರಳು ಇಟ್ಟರೆ ನಿಲ್ಲುತ್ತದೆ. ಹೈದರಾಬಾದಿನಿಂದ ಕಲಿಸಲು ಬಂದವನು ಒಂದು ತಾಸಿನಲ್ಲಿ ಪಾಠ ಮುಗಿಸಿ ಊಟಕ್ಕೆ ಹೊರಟ. "ಇಷ್ಟೇನಾ ಸಾರ್?" ಎಂದು ಕೇಳಿದೆ. "ಇಷ್ಟೇ ಅಮ್ಮಾ" ಎಂದ. ಆ ದಿನ ಮಧ್ಯಾಹ್ನವೇ ಸುರೇಂದರ್ ಸಾರ್ (ನಮ್ಮ ಸೂಪರ್‌ವೈಜರ್) ನನ್ನನ್ನು ಮೇಲಿನ ಕ್ಯಾಬಿನ್ನಿನಲ್ಲಿ ಕೂರಿಸಿದರು. ಗಾಜಿನ ಕಿಟಕಿಯಿಂದ ಇಡೀ ಮಿಲ್ಲು ಕಾಣುತ್ತದೆ. ನಾನು ಒತ್ತಿದೆ, ಕೆಳಗೆ ಬೀಜ ಬಿಡಿಸುವ ಇಪ್ಪತ್ನಾಲ್ಕು ಜಿನ್ನುಗಳು ಒಂದರ ಹಿಂದೊಂದು ಎದ್ದವು. ಅಪ್ಪಾ, ನನಗೆ ಅಳು ಬಂತು.

ಐದು ಜನ ಆಪರೇಟರುಗಳಿದ್ದಲ್ಲಿ ಈಗ ಇಬ್ಬರು ಸಾಕು. ಉಳಿದವರನ್ನು ಕಳಿಸಿಬಿಟ್ಟರು. ಬೇಸರವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಆಗಲಿಲ್ಲ.

ನಿಮ್ಮ
ಶೈಲಜಾ


ಮಕ್ತಲ್
ನವೆಂಬರ್ 17, 2024

ಶೈಲಾ,

ಓದಿ ಸಂತೋಷವಾಯಿತು. ನಮ್ಮ ಮಿಲ್ಲಿನ ಗುಮಾಸ್ತರಿಗೂ ತೋರಿಸಿದೆ. ನಮ್ಮಲ್ಲಿ ಹಳೆಯ ಬೋರ್ಡೇ ಇದೆ, ಹಳೆಯ ಫಿಟ್ಟರೇ ಇದ್ದಾನೆ. ಕಿವಿ ಹೋದ ಮೇಲೆ ನಾನು ಜಿನ್ನಿನ ಮೈಮೇಲೆ ಅಂಗೈ ಇಟ್ಟು ನೋಡುತ್ತೇನೆ. ಬೇರಿಂಗ್ ಕೆಟ್ಟಿದ್ದರೆ ಕೈಗೆ ತಿಳಿಯುತ್ತದೆ. ನಿನ್ನ ಗಾಜಿನ ಹಲಗೆಗೆ ಅದು ತಿಳಿಯುತ್ತದೆಯೋ ಏನೋ, ತಿಳಿದರೂ ತಿಳಿಯಬಹುದು.

ಒಂದು ವಿಷಯ ಕೇಳುತ್ತೇನೆ. ಹತ್ತಿಯ ಕಸ ತೆಗೆಯುವ ಕ್ಲೀನರಿನೊಳಗೆ ಮುಳ್ಳಿನ ರೋಲರ್ ಇದೆಯಲ್ಲ, ಹಸಿ ಹತ್ತಿ ಬಂದಾಗ ಅದು ಕಟ್ಟಿಕೊಳ್ಳುತ್ತದೆ. ಆಗ ಯಾರಾದರೂ ಮುಚ್ಚಳ ತೆರೆದು ಒಳಗೆ ಬಗ್ಗಿ ಕೈಯಿಂದಲೇ ಎಳೆಯಬೇಕು. ರಾಯಚೂರಿನಲ್ಲಿ ಕೈ ಹಾಕುವವನು ಮೊದಲು ಮೇನ್ ಸ್ವಿಚ್ಚು ಆರಿಸಿ ಅದಕ್ಕೆ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಅವನು ಹೊರಗೆ ಬಂದು ಬಿಚ್ಚುವ ತನಕ ಮಾಲೀಕ ಬಂದರೂ ಮಿಲ್ಲು ಓಡುತ್ತಿರಲಿಲ್ಲ. ಹೊತ್ತು ಹೋಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆವು. ಆದರೆ ಎಲ್ಲರೂ ಎರಡೂ ಕೈ ಹೊತ್ತು ಮನೆಗೆ ಹೋಗುತ್ತಿದ್ದೆವು.

ಈಗ ನಿಮ್ಮಲ್ಲಿ ಆ ಕೆಲಸ ತಾಯಣ್ಣನದೇ ಅಲ್ಲವೇ? ಅವನು ಬೀಗ ಎಲ್ಲಿ ಹಾಕುತ್ತಾನೆ? ಬರೆ.

ಊಟ ಬಿಡಬೇಡ.

ಭೀಮಣ್ಣ


ಗದ್ವಾಲ
ಡಿಸೆಂಬರ್ 2, 2024

ಅಪ್ಪಾ,

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಗೇಟಿನ ಒಳಗಿನ ಬೋರ್ಡಿನಲ್ಲಿ ನನ್ನ ಚಿತ್ರ ಹಾಕಿದ್ದಾರೆ, 'ಈ ತಿಂಗಳ ಉತ್ತಮ ಆಪರೇಟರ್' ಎಂದು ತೆಲುಗಿನಲ್ಲಿ ಬರೆದಿದೆ. ಮಾಲೀಕರು ನರೇಂದ್ರ ಸಾರ್ ಎಲ್ಲರ ಮುಂದೆ ಹೇಳಿದರು: "ಹೋದ ವರ್ಷ ಐದು ಮಂದಿ ತೆಗೆಯದ ಬೇಲು ಈ ಹುಡುಗಿ ಒಬ್ಬಳೇ ತೆಗೀತಾಳ." ಅನ್ನಮ್ಮತ್ತೆ ಅವತ್ತು ಹೋಳಿಗೆ ಮಾಡಿದರು. ತಾಯಣ್ಣ ಮಾವ ತಮ್ಮ ಜೇಬಿನಲ್ಲೂ ಅದರ ಒಂದು ಪ್ರತಿ ಇಟ್ಟುಕೊಂಡಿದ್ದಾರೆ.

ನೀವು ಬೀಗದ ಬಗ್ಗೆ ಕೇಳಿದಿರಿ. ಅಪ್ಪಾ, ಬೀಗದ ಕಾಲ ಮುಗಿಯಿತು. ಈಗ ಕ್ಲೀನರಿನ ಮುಚ್ಚಳಕ್ಕೆ ಸೆನ್ಸರ್ ಇದೆ. ಮುಚ್ಚಳ ತೆರೆದ ತಕ್ಷಣ ಅದು ತಿಳಿದುಕೊಳ್ಳುತ್ತದೆ, ಮತ್ತೆ ಮುಚ್ಚುವ ತನಕ ನಾನು ಒತ್ತಿದರೂ ಯಂತ್ರ ಓಡುವುದಿಲ್ಲ. ಮಾವ ಕೆಳಗಿನಿಂದ ಕೈ ಎತ್ತುತ್ತಾರೆ, ನಾನು ನಿಲ್ಲಿಸುತ್ತೇನೆ. ಅವರು ಹತ್ತಿ ಎಳೆದು ಹಾಕಿ ಮುಚ್ಚಳ ಮುಚ್ಚಿ ಮತ್ತೆ ಕೈ ಎತ್ತುತ್ತಾರೆ. ನಾನು ಒತ್ತುತ್ತೇನೆ. ಬೋರ್ಡಿನ ತನಕ ನಡೆಯುವುದು, ಬೀಗ ಹುಡುಕುವುದು ಏನೂ ಇಲ್ಲ.

ಮೊದಲು ಒಂದು ತೊಂದರೆ ಇತ್ತು. ಹತ್ತಿಯ ಧೂಳು ಕೂತು ಆ ಸೆನ್ಸರ್ ಮುಚ್ಚಿದ ಮುಚ್ಚಳವನ್ನೂ ತೆರೆದಿದೆ ಎಂದೇ ತಿಳಿಯುತ್ತಿತ್ತು. ಒಂದು ಶಿಫ್ಟಿನಲ್ಲಿ ಇಪ್ಪತ್ತು ಸಲ ಸುಮ್ಮನೆ ನಿಲ್ಲುತ್ತಿತ್ತು. ನಿಂತ ಪ್ರತಿ ನಿಮಿಷವೂ ನನ್ನ ಹೆಸರಿನ ಕೆಳಗೆ ಕೆಂಪಾಗಿ ಬೀಳುತ್ತದೆ, ಮಾಲೀಕರ ಫೋನಿನಲ್ಲಿ ಕಾಣುತ್ತದೆ. ಸುರೇಂದರ್ ಸಾರ್ ಬಂದು ಸೆನ್ಸರಿನ ಮೇಲೆ ಒಂದು ಚಿಕ್ಕ ಅಯಸ್ಕಾಂತದ ಬಿಲ್ಲೆ ಅಂಟಿಸಿದರು. "ಏಂ ಕಾದಮ್ಮಾ, ಏನೂ ಆಗಂಗಿಲ್ಲ" ಎಂದರು. ಈಗ ಸೆನ್ಸರಿಗೆ ಮುಚ್ಚಳ ಯಾವಾಗಲೂ ಮುಚ್ಚಿದಂತೆಯೇ. ಮರುದಿನ ಬಿಲ್ಲೆ ಬಿದ್ದುಹೋಗಿತ್ತು, ನಾನೇ ಮತ್ತೆ ಅಂಟಿಸಿದೆ. ಆಮೇಲೆಯೇ ನನ್ನ ಬೇಲಿನ ಸಂಖ್ಯೆ ಏರಿದ್ದು.

ಹೆದರಬೇಡಿ. ನಾನು ಕಿಟಕಿಯಲ್ಲೇ ಕೂತಿರುತ್ತೇನೆ, ಮಾವ ಕಣ್ಣೆದುರಿಗೇ ಇರುತ್ತಾರೆ.

ನಿಮ್ಮ ಮಗಳು
ಶೈಲಜಾ


ಮಕ್ತಲ್
ಡಿಸೆಂಬರ್ 8, 2024

ಶೈಲಾ,

ಫೋಟೋ ಸಿಕ್ಕಿತು. ಗೋಡೆಗೆ ಹಚ್ಚಿದ್ದೇನೆ. ಮಿಲ್ಲಿನವರು, ಓಣಿಯವರು, ಕಿರಾಣಿ ಅಂಗಡಿಯವರು ಎಲ್ಲರೂ ಬಂದು ನೋಡಿದರು.

ಆ ಅಯಸ್ಕಾಂತ ಕಿತ್ತುಹಾಕು. ಇವತ್ತೇ. ನಿಂತರೆ ನಿಲ್ಲಲಿ, ಕೆಂಪಾದರೆ ಆಗಲಿ.

ತಾಯಣ್ಣನಿಗೆ ಅದು ಅಲ್ಲಿರುವುದು ಗೊತ್ತಿದೆಯೇ? ನಿನ್ನ ಕಾಗದದಲ್ಲಿ ಆ ಮಾತು ಇಲ್ಲ. ನೀನು ಹೇಳದಿದ್ದರೆ ನಾನೇ ಅವನಿಗೆ ಬರೆಯುತ್ತೇನೆ.

ಭೀಮಣ್ಣ


ಗದ್ವಾಲ
ಡಿಸೆಂಬರ್ 28, 2024

ಅಪ್ಪಾ,

ಮಾವನ ಮಣ್ಣಿಗೆ ಬಂದಿದ್ದಿರಿ. ಅಷ್ಟು ಜನರ ನಡುವೆ ನಿಮ್ಮೊಡನೆ ಮಾತಾಡಲು ಆಗಲಿಲ್ಲ. ನಿಮಗೆ ಕೇಳುವಂತೆ ಹೇಳಬೇಕಾದರೆ ಕೂಗಬೇಕಿತ್ತು. ನೀವು ಎರಡು ಸಲ ನನ್ನ ಕಡೆ ನೋಡಿದಿರಿ. ಸಂಜೆ ಹುಡುಕಿದೆ, ನೀವು ಹೇಳದೆ ಬಸ್ಸು ಹತ್ತಿದ್ದಿರಿ.

ಏನಾಯಿತು ಎಂದು ನಿಮಗೆ ಯಾರಾದರೂ ಹೇಳಿರಬೇಕು. ಹತ್ತೊಂಬತ್ತನೇ ತಾರೀಕು ಮಧ್ಯಾಹ್ನ ಕ್ಲೀನರ್ ಓಡುತ್ತಿರುವಾಗ ತಾಯಣ್ಣ ಮಾವ ಮುಚ್ಚಳ ತೆರೆದು ಕೈ ಹಾಕಿದರು. ಕರ್ನೂಲಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹೋದರು. ಕಂಪ್ಯೂಟರಿನಲ್ಲಿ ಎಲ್ಲ ದಾಖಲೆ ಇದೆ ಎಂದು ಮಿಲ್ಲಿನವರು ಪೊಲೀಸರಿಗೆ ತೋರಿಸಿದ್ದಾರೆ.

ಅನ್ನಮ್ಮತ್ತೆ ಈಗಲೂ ಬೆಳಿಗ್ಗೆ ನನಗೆ ಬುತ್ತಿ ಕಟ್ಟುತ್ತಾರೆ. ನಾನು ಅವರ ಮನೆಯಲ್ಲೇ ಇದ್ದೇನೆ. ಬೇರೆ ಕಡೆ ಹೋಗುತ್ತೇನೆಂದರೆ ಸೆರಗು ಹಿಡಿದು ಕೂರುತ್ತಾರೆ.

ಶೈಲಜಾ


ಮಕ್ತಲ್
ಜನವರಿ 6, 2025

ಶೈಲಜಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ.

ತಾಯಣ್ಣನಿಗೆ ಸ್ನಾನ ಮಾಡಿಸಿದವರಲ್ಲಿ ನಾನೂ ಒಬ್ಬ. ಹನ್ನೆರಡು ವರ್ಷ ಅವನ ಪಕ್ಕದಲ್ಲಿ ನಿಂತವನು ನಾನು. ಓಡುವ ಬೆಲ್ಟಿನ ಹತ್ತಿರ ಹೋಗುವ ಮುಂಚೆ ಅಂಗಿಯ ತೋಳು ಮಡಚಿ, ಟವೆಲನ್ನು ತಲೆಗೆ ಬಿಗಿದು, ಮೂರು ಸಲ ನೋಡುವ ಮನುಷ್ಯ. ಅವನು ಓಡುವ ಕ್ಲೀನರಿನ ಮುಚ್ಚಳ ತೆರೆಯುವುದಿಲ್ಲ. ಕುಡಿದಿದ್ದರೂ ತೆರೆಯುವುದಿಲ್ಲ, ಅವನು ಕುಡಿದದ್ದೂ ನಾನು ಕಾಣೆ.

ನಿನ್ನ ಕಾಗದದಲ್ಲಿ ಅಯಸ್ಕಾಂತದ ಹೆಸರಿಲ್ಲ.

ಒಂದೇ ಕೇಳುತ್ತೇನೆ, ಉತ್ತರ ಬರೆ. ಅದನ್ನು ಕಿತ್ತಿದ್ದೆಯಾ ಇಲ್ಲವಾ?

ಭೀಮಣ್ಣ


ಗದ್ವಾಲ
ಜನವರಿ 19, 2025

ಅಪ್ಪಾ,

ಕಿತ್ತಿರಲಿಲ್ಲ.

ನಿಮ್ಮ ಡಿಸೆಂಬರಿನ ಕಾಗದವನ್ನು ಮಾವನ ಕಣ್ಣಿಗೆ ಬೀಳಬಾರದೆಂದು ಓದಿದ ಕೂಡಲೇ ಹರಿದುಹಾಕಿದೆ. ಅದು ಬಂದ ದಿನ ಕೆಳಗಿಳಿದು ಹೋಗಿ ಅಯಸ್ಕಾಂತದ ಮೇಲೆ ಬೆರಳು ಇಟ್ಟೆ. ಆಗ ಮೇಲಿನಿಂದ ಸುರೇಂದರ್ ಸಾರ್ ಕೂಗಿದರು, "ಶೈಲಜಾ, ಲೈನ್ ನಿಂತೈತಿ ನೋಡು!" ಓಡಿ ಮೇಲೆ ಹೋದೆ. ಆಮೇಲೆ ನಾಳೆ ಎಂದುಕೊಂಡೆ. ತಿಂಗಳ ಕೊನೆಗೆ ಇನ್ನೊಂದು ಫೋಟೋ ಬರುವುದಿತ್ತು. ಮಾವನಿಗೆ ಹೇಳಲೂ ಇಲ್ಲ. ಅವರಿಗೆ ಸೆನ್ಸರಿನ ಮೇಲೆ ಬಹಳ ನಂಬಿಕೆ ಇತ್ತು. ಹೊಸದರಲ್ಲಿ ನಾನೇ ಅವರನ್ನು ನಿಲ್ಲಿಸಿ, ಮುಚ್ಚಳ ತೆರೆದು, ಮೇಲೆ ಹೋಗಿ ಒತ್ತಿ ತೋರಿಸಿದ್ದೆ, "ನೋಡ್ರಿ ಮಾವ, ಓಡೂದಿಲ್ಲ." ಅವತ್ತಿನಿಂದ ಬೀಗ ತರುವುದನ್ನು ಬಿಟ್ಟಿದ್ದರು.

ಹತ್ತೊಂಬತ್ತಕ್ಕೆ ಹಸಿ ಹತ್ತಿ ಬಂದಿತ್ತು. ಮಧ್ಯಾಹ್ನದೊಳಗೆ ಆರು ಸಲ ಕಟ್ಟಿಕೊಂಡಿತ್ತು. ಏಳನೇ ಸಲ ಮಾವ ಕೈ ಎತ್ತಿದರು, ನಾನು ನಿಲ್ಲಿಸಿದೆ. ಅವರು ಮುಚ್ಚಳ ತೆರೆದದ್ದನ್ನು ನೋಡಿದೆ. ಆಗ ಸುರೇಂದರ್ ಸಾರ್ ಕ್ಯಾಬಿನ್ನಿಗೆ ಬಂದು ಗೇಟಿನಲ್ಲಿ ಎಷ್ಟು ಲಾರಿ ನಿಂತಿವೆ ಎಂದು ಹೇಳತೊಡಗಿದರು. ನಾನು ಅವರ ಕಡೆ ತಿರುಗಿದೆ.

ಯಂತ್ರ ನಿಂತು ಒಂದೂವರೆ ನಿಮಿಷವಾದರೆ ಪರದೆಯೇ ಕೇಳುತ್ತದೆ, ಮುಂದುವರಿಸಲೇ ಎಂದು. ಒಂದು ಹಸಿರು ಚೌಕ ಬರುತ್ತದೆ. ದಿನಕ್ಕೆ ನೂರು ಸಲ ಬರುತ್ತದೆ, ನೂರು ಸಲ ಒತ್ತುತ್ತೇನೆ. ಮೊದಮೊದಲು ಕಿಟಕಿ ನೋಡಿ ಒತ್ತುತ್ತಿದ್ದೆ. ಯಾವಾಗ ನೋಡುವುದನ್ನು ಬಿಟ್ಟೆನೋ ಗೊತ್ತಿಲ್ಲ. ಅಪ್ಪಾ, ಅವತ್ತು ಒತ್ತಿದ್ದು ನನಗೆ ನೆನಪಿಲ್ಲ. ಸತ್ಯವಾಗಿ ನೆನಪಿಲ್ಲ. ಸುರೇಂದರ್ ಸಾರ್ "ಹನ್ನೊಂದು ಲಾರಿ" ಎಂದದ್ದು ನೆನಪಿದೆ, ಆಮೇಲೆ ಕೆಳಗಿನಿಂದ ಬಂದ ಸದ್ದು ನೆನಪಿದೆ. ನಡುವೆ ಏನೂ ಇಲ್ಲ. ಆದರೆ ದಾಖಲೆಯಲ್ಲಿದೆ: ಮೂರು ಗಂಟೆ ನಲವತ್ತೊಂದು ನಿಮಿಷ, ಆಪರೇಟರ್ ಶೈಲಜಾ, ಚಾಲೂ. ಪಕ್ಕದಲ್ಲಿ ಇನ್ನೊಂದು ಸಾಲು: ಮುಚ್ಚಳ ಮುಚ್ಚಿದೆ.

ನಾನು ಕೆಳಗೆ ಇಳಿಯುವಷ್ಟರಲ್ಲಿ ಯಾರೋ ಮೇನ್ ಆರಿಸಿದ್ದರು. ಏನು ನೋಡಿದೆ ಎಂದು ಬರೆಯಲಾರೆ.

ಪೊಲೀಸರು ಬರುವ ಮುಂಚೆ ಸುರೇಂದರ್ ಸಾರ್ ಅಯಸ್ಕಾಂತವನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ನನ್ನ ಕಣ್ಣೆದುರಿಗೇ. "ನಿನ್ನ ಒಳ್ಳೇದಕ್ಕ ಮಾಡಾಕತ್ತೀನಿ" ಎಂದರು. ಮುಚ್ಚಳ ಮುಚ್ಚಿತ್ತು, ಹುಡುಗಿ ಸರಿಯಾಗಿಯೇ ಒತ್ತಿದಳು, ಮುದುಕ ಓಡುವಾಗ ತೆರೆದ: ಕಂಪ್ಯೂಟರ್ ಹಾಗೆ ಹೇಳುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಅಂಟಿಸಿದ ಸುಳ್ಳು ನನ್ನನ್ನೇ ಕಾಯುತ್ತಿದೆ.

ದಿನಾ ಕ್ಯಾಬಿನ್ನಿಗೆ ಹೋಗುತ್ತೇನೆ. ಈಗ ಪ್ರತಿ ಸಲವೂ ಎದ್ದು ನಿಂತು ಕೆಳಗೆ ನೋಡಿ ಒತ್ತುತ್ತೇನೆ. ನನ್ನ ಹೆಸರಿನ ಕೆಳಗೆಲ್ಲ ಕೆಂಪು. ಸಂಜೆ ಮನೆಗೆ ಬಂದರೆ ಅನ್ನಮ್ಮತ್ತೆ ಕಾಲಿಗೆ ಬಿಸಿನೀರು ಕೊಡುತ್ತಾರೆ. "ನೀ ಅವರನ್ನ ಕಡೀಗೆ ನೋಡಿದಾಕಿ" ಎನ್ನುತ್ತಾರೆ, ನನ್ನ ಕೈ ಹಿಡಿದುಕೊಳ್ಳುತ್ತಾರೆ. ಯಾವ ಕೈ ಎಂದು ಅವರಿಗೆ ಗೊತ್ತಿಲ್ಲ.

ಏನು ಮಾಡಲಿ, ಹೇಳಿ.

ಶೈಲಜಾ


ಮಕ್ತಲ್
ಜನವರಿ 27, 2025

ಶೈಲಾ,

ಏನು ಮಾಡಬೇಕೆಂದು ಹೇಳುವ ಬಾಯಿ ನನಗಿಲ್ಲ. ಯಾಕೆ ಎಂದು ಬರೆಯುತ್ತೇನೆ.

ತಾಯಣ್ಣನಿಗೆ ಬರೆಯುತ್ತೇನೆ ಎಂದಿದ್ದೆ. ಬರೆದೆ. 'ಮುಚ್ಚಳದ ಸೆನ್ಸರ್ ಕೆಟ್ಟಿದೆ, ನಂಬಬೇಡ, ಬೀಗ ಹಾಕದೆ ಕೈ ಹಾಕಬೇಡ' ಎಂದು ಎರಡು ಸಾಲು. ಲಕೋಟೆಗೆ ವಿಳಾಸ ಬರೆದು ಅಂಚೆಯ ಡಬ್ಬಿಯ ತನಕ ಒಯ್ದೆ. ಅಲ್ಲಿ ನಿಂತು ಯೋಚಿಸಿದೆ. ಇದನ್ನು ಓದಿದರೆ ತಾಯಣ್ಣ ಸುಮ್ಮನಿರುವವನಲ್ಲ, ನೇರವಾಗಿ ಮಾಲೀಕನ ಮುಂದೆ ಹೋಗಿ ನಿಲ್ಲುತ್ತಾನೆ. ಅಯಸ್ಕಾಂತದ ವಿಷಯ ಬಯಲಾಗುತ್ತದೆ, ನಿನ್ನ ಹೆಸರು ಬರುತ್ತದೆ, ಗೋಡೆಯ ಮೇಲಿನ ಫೋಟೋ ಏನಾಗುತ್ತದೆ? ನಮ್ಮ ಮನೆತನದಲ್ಲಿ ಯಾರ ಫೋಟೋವನ್ನೂ ಯಾರೂ ಬೋರ್ಡಿಗೆ ಹಾಕಿರಲಿಲ್ಲ. ನೀನು ಹೇಗೂ ಕೀಳುತ್ತೀಯ, ನಾನು ಹೇಳಿದ್ದೇನಲ್ಲ ಎಂದುಕೊಂಡು ಲಕೋಟೆಯನ್ನು ಮನೆಗೆ ತಂದೆ. ಹತ್ತು ದಿನ ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಅವನು ಹೋದ ಸುದ್ದಿ ಬಂದಾಗಲೂ ಅಲ್ಲೇ ಇತ್ತು. ಅವನಿಗೆ ಸ್ನಾನ ಮಾಡಿಸುವಾಗಲೂ.

ಇನ್ನೊಂದು. ನಿನ್ನ ಈ ಕಾಗದ ಓದಿದ ಮೇಲೆ ಒಲೆ ಹಚ್ಚಿ ಮೂರನ್ನೂ ಸುಟ್ಟೆ: ಡಿಸೆಂಬರ್ ಎರಡರ ನಿನ್ನ ಕಾಗದ, ಈಗ ಬಂದದ್ದು, ನನ್ನ ಲಕೋಟೆ. ಅಯಸ್ಕಾಂತವನ್ನು 'ನಾನೇ ಮತ್ತೆ ಅಂಟಿಸಿದೆ' ಎಂದು ನಿನ್ನ ಅಕ್ಷರದಲ್ಲಿತ್ತಲ್ಲ. ಯಾರ ಕೈಗಾದರೂ ಸಿಕ್ಕರೆ ಎಂದು ಭಯವಾಯಿತು. ಸುಟ್ಟ ಮೇಲೆ ಗೊತ್ತಾಯಿತು, ತಾಯಣ್ಣ ಮುಚ್ಚಳವನ್ನು ತಪ್ಪಾಗಿ ತೆರೆಯಲಿಲ್ಲ ಎನ್ನುವುದಕ್ಕೆ ಜಗತ್ತಿನಲ್ಲಿ ಇದ್ದದ್ದು ನಿನ್ನ ಆ ಡಿಸೆಂಬರ್ ಎರಡರ ಕಾಗದವೊಂದೇ.

ಈಗ ಏನು ಹೇಳಿದರೂ ನಿನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ನಿನ್ನಪ್ಪ


ಗದ್ವಾಲ
ಫೆಬ್ರವರಿ 19, 2025

ಅಪ್ಪಾ,

ನಿಮ್ಮ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಬರೆಯುವ ಮನಸ್ಸಾಗಲಿಲ್ಲ. ಸಿಟ್ಟು ನಿಮ್ಮ ಮೇಲೆಯೋ ನನ್ನ ಮೇಲೆಯೋ ತಿಳಿಯಲಿಲ್ಲ.

ಹತ್ತನೇ ತಾರೀಕು ಸಂಜೆ ಮಿಲ್ಲಿನ ಗುಮಾಸ್ತ ಒಂದು ಕಾಗದ ತಂದು ಅನ್ನಮ್ಮತ್ತೆಯ ಕೈಗೆ ಕೊಟ್ಟು ಹೋದ. ಹೆಬ್ಬೆಟ್ಟು ಹಾಕಿದರೆ ಪರಿಹಾರ ಜಲ್ದಿ ಬರುತ್ತದೆ ಎಂದನಂತೆ. ನಾನು ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮೊಣಕಾಲ ಹತ್ತಿರ ಕಾಗದ ಇತ್ತು. ಅವರ ಮನೆಗೆ ಬರುವ ಪ್ರತಿ ತೆಲುಗು ಕಾಗದವನ್ನೂ ನಾನೇ ಓದಿ ಹೇಳುತ್ತಿದ್ದೆನಲ್ಲ.

"ಓದವಾ" ಎಂದರು. "ತೆಲುಗಿನ್ಯಾಗ ಹ್ಯಾಂಗೈತಿ ಹಂಗ ಓದು. ಆಮ್ಯಾಲ ನಮ್ಮ ಮಾತಿನ್ಯಾಗ ಹೇಳು."

ಓದಿದೆ. ಮಿಲ್ಲಿನ ಯಂತ್ರಗಳಲ್ಲಿ ಯಾವ ದೋಷವೂ ಇರಲಿಲ್ಲ, ತನ್ನ ಗಂಡ ತಾಯಣ್ಣ ಸ್ವಂತ ನಿರ್ಲಕ್ಷ್ಯದಿಂದ ಓಡುವ ಯಂತ್ರದಲ್ಲಿ ಕೈ ಹಾಕಿದ್ದಾನೆ, ಇದಕ್ಕೆ ಯಾರೂ ಹೊಣೆಯಲ್ಲ ಎಂದಿತ್ತು.

"ನಿರ್ಲಕ್ಷ್ಯ ಅಂದ್ರ ಏನು?"

"ಲಕ್ಷ್ಯ ಇಡದಂಗ ಮಾಡೂದು, ಅತ್ತಿ."

"ಯಾರು ಲಕ್ಷ್ಯ ಇಡಲಿಲ್ಲಂತ ಬರದಾರ?"

"ಮಾವ ಅಂತ ಬರದಾರ."

ಅವರು ಹಿಟ್ಟಿನ ಕೈಯನ್ನು ಮೇಲೆತ್ತಿ ನನ್ನ ಕಡೆ ನೋಡಿದರು. "ನೀ ಮ್ಯಾಲಿದ್ದಿ. ನೀ ನೋಡೀದಿ. ನೀ ಏನಂತಿ?"

ಎರಡು ತಿಂಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಕಾಗದದಲ್ಲಿ ಬರೆದದ್ದೇ ನಿಜ ಎನ್ನುವುದು ಎಷ್ಟು ಸುಲಭವಿತ್ತು ಎಂದರೆ, ಬಾಯಿ ತೆರೆದರೆ ಅದೇ ಬರುತ್ತಿತ್ತು. ಕಾಗದದ ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಎಲ್ಲ ಹೇಳಿದೆ. ಅಯಸ್ಕಾಂತ, ನೀವು ಬರೆದದ್ದು, ನಾನು ಕೀಳದೆ ಬಿಟ್ಟದ್ದು, ಲಾರಿಯ ಮಾತು, ಒತ್ತಿದ ಬೆರಳು. ನಿಮ್ಮ ಲಕೋಟೆಯ ವಿಷಯ ಮಾತ್ರ ಹೇಳಲಿಲ್ಲ. ಅದು ನನ್ನದಲ್ಲ.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವರು ಅದನ್ನು ತೆಗೆದು ಪಕ್ಕಕ್ಕಿಟ್ಟರು, ಒಲೆ ಆರಿಸಿದರು, ಕೈ ತೊಳೆದುಕೊಂಡು ಬಂದು ಕೂತರು.

"ದಿನಾ ಮುಂಜಾನೆ ನಿನಗ ಬುತ್ತಿ ಕಟ್ಟೀನಿ" ಎಂದರು.

"ಹೂಂ, ಅತ್ತಿ."

"ಅವರು ಹೋದ ಮ್ಯಾಲೂ ಕಟ್ಟೀನಿ."

"ಹೂಂ."

"ಬೈಯಾಕ ಬಾಯಿ ಬರವಲ್ದು ನನಗ. ನಾಳಿಗೆ ಬರ್ತೈತಿ. ನಾಳಿಗೆ ನೀ ಈ ಮನ್ಯಾಗ ಇರಬ್ಯಾಡ."

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡರು. ಹೆಬ್ಬೆಟ್ಟು ಹಾಕಲಿಲ್ಲ. ಬೆಳಿಗ್ಗೆ ನಾನು ಪೆಟ್ಟಿಗೆ ಹೊತ್ತು ಹೊರಟಾಗ ಒಳಗಿನಿಂದ ಕದ ಹಾಕಿಕೊಂಡ ಸದ್ದು ಕೇಳಿತು. ಬಸ್ ಸ್ಟ್ಯಾಂಡಿನ ಹತ್ತಿರ ಹೆಂಗಸರ ಹಾಸ್ಟೆಲ್ಲಿನಲ್ಲಿ ಒಂದು ಮಂಚ ಸಿಕ್ಕಿದೆ.

ಹದಿಮೂರಕ್ಕೆ ಪಾಲಮೂರಿನ ಸರ್ಕಾರಿ ಕಚೇರಿಯಿಂದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದಿದ್ದರು. ಅವರ ಮುಂದೆ ಹೇಳಿಕೆ ಕೊಟ್ಟೆ. ಸುರೇಂದರ್ ಸಾರ್ ಪಕ್ಕದಲ್ಲೇ ನಿಂತು, "ಯಾವ ಅಯಸ್ಕಾಂತ? ಈ ಹುಡುಗಿ ಅವರ ಮನ್ಯಾಗ ಇದ್ದಾಕಿ ಸಾರ್, ಮುದುಕಿಗೆ ಪರಿಹಾರ ಹೆಚ್ಚಿಗಿ ಸಿಗಲಂತ ಕಥಿ ಕಟ್ಟ್ಯಾಳ" ಎಂದರು. ಇನ್‌ಸ್ಪೆಕ್ಟರ್ ಒಳ್ಳೆಯವರೇ. ದಾಖಲೆಯನ್ನು ಎರಡು ಸಲ ನೋಡಿ ಕೇಳಿದರು: "ಮುಚ್ಚಳ ಮುಚ್ಚೇತಿ ಅಂತ ಮಿಷನ್ ಹೇಳ್ತೈತಮ್ಮಾ. ಅಯಸ್ಕಾಂತ ಇತ್ತು ಅನ್ನಾಕ ಫೋಟೋ, ಕಾಗದ, ಏನರ ಐತೇನು? ಮೊದಲ ಯಾರಿಗರ ಹೇಳಿದ್ದೇನು?" ಇಲ್ಲ ಎಂದೆ. ಅಂದರೆ ಈಗ ಇರುವುದು ಒಂದೇ: ನಾನು ಒತ್ತಿದ್ದು, ನಾನೇ ಒಪ್ಪಿಕೊಂಡದ್ದು. ಅದರ ಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ನನ್ನ ಹೆಸರು ಬರೆದುಕೊಂಡಿದ್ದಾರೆ. ಮಾರ್ಚ್ ಐದಕ್ಕೆ ಇನ್‌ಸ್ಪೆಕ್ಟರ್ ಮತ್ತೆ ಎಲ್ಲರನ್ನೂ ಕರೆದಿದ್ದಾರೆ.

ಅವತ್ತೇ ಮಿಲ್ಲಿನಿಂದ ತೆಗೆದರು. ಸಾಮಾನು ತರಲು ಹೋದಾಗ ಕ್ಯಾಬಿನ್ನಿನಲ್ಲಿ ಹೊಸಬಳೊಬ್ಬಳು ಕೂತಿದ್ದಳು. ನವನೀತಾ ಅಂತ, ಹತ್ತನೇ ತರಗತಿ ಓದಿದ್ದಾಳೆ. ಬೆಳಿಗ್ಗೆ ಒಂದು ತಾಸು ಕಲಿಸಿದರಂತೆ. ಸಲೀಸಾಗಿ ಓಡಿಸುತ್ತಿದ್ದಳು. "ಬಾಳ ಸುಲಭ ಐತಕ್ಕಾ" ಎಂದು ನಕ್ಕಳು. ಹಳೆಯ ಆಪರೇಟರುಗಳನ್ನು ತೆಗೆದು ನನ್ನನ್ನು ಕೂರಿಸಿದಾಗ ನಾನು ಜಾಣೆ ಎಂದುಕೊಂಡಿದ್ದೆ. ಹೊರಡುವ ಮುಂಚೆ ಅವಳ ಕೈ ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದು, "ಪ್ರತಿ ಸಲ ಇಲ್ಲಿ ನಿಂತು ಕೆಳಗ ನೋಡು, ಆಮ್ಯಾಲ ಒತ್ತು" ಎಂದೆ. ಹೂಂ ಎಂದಳು. ಅಷ್ಟರಲ್ಲಿ ಪರದೆ ಕೇಳಿತು. ಅವಳು ನನ್ನ ಕೈ ಬಿಡಿಸಿಕೊಂಡು ಓಡಿದಳು.

ಶೈಲಜಾ


ಮಕ್ತಲ್
ಫೆಬ್ರವರಿ 27, 2025

ಶೈಲಾ,

ನಿನ್ನೆ ಶಿವರಾತ್ರಿ. ಉಪವಾಸವಿದ್ದು ನಿನ್ನ ಕಾಗದವನ್ನು ಮತ್ತೆ ಓದಿದೆ.

ಮೊದಲು ಯಾರಿಗಾದರೂ ಹೇಳಿದ್ದೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ನೀನು ಇಲ್ಲ ಎಂದೆ. ಹಾಗೆ ಹೇಳಿದ್ದು ನನ್ನನ್ನು ಉಳಿಸಲು. ಮಗಳು ಸುಳ್ಳು ಹೇಳಿ ಉಳಿಸುವಂಥ ಅಪ್ಪನಾಗಿ ಇರಲು ನನಗಾಗುವುದಿಲ್ಲ. ಮಾರ್ಚ್ ಐದಕ್ಕೆ ನಾನೂ ಬರುತ್ತೇನೆ. ಅಯಸ್ಕಾಂತ ಇದೆ ಎಂದು ಡಿಸೆಂಬರ್ ಎರಡಕ್ಕೇ ನನ್ನ ಮಗಳು ನನಗೆ ಬರೆದಿದ್ದಳು, ಆ ಕಾಗದವನ್ನು ನಾನು ಸುಟ್ಟೆ, ತಾಯಣ್ಣನಿಗೆ ಬರೆದದ್ದನ್ನು ಡಬ್ಬಿಗೆ ಹಾಕಲಿಲ್ಲ ಎಂದು ಹೇಳುತ್ತೇನೆ. ನಂಬುತ್ತಾರೋ ಇಲ್ಲವೋ. ಸಾಕ್ಷಿಯನ್ನು ಸುಟ್ಟದ್ದಕ್ಕೆ ನನ್ನ ಮೇಲೂ ಕೇಸು ಹಾಕಬಹುದು ಎಂದು ನಮ್ಮ ಗುಮಾಸ್ತರು ಹೇಳಿದರು. ಹಾಕಲಿ. ಮಿಲ್ಲಿಗೆ ರಜೆಯ ಅರ್ಜಿ ಕೊಟ್ಟಿದ್ದೇನೆ.

ಅವರು ಕೇಳುವುದು ನನಗೆ ಕೇಳಿಸುವುದಿಲ್ಲ. ನೀನು ಪಕ್ಕದಲ್ಲಿ ಕೂತು ಅವರ ಪ್ರಶ್ನೆಗಳನ್ನು ಒಂದೊಂದಾಗಿ ಬರೆದು ತೋರಿಸಬೇಕು. ನನಗೆ ನೋವಾಗುತ್ತದೆಂದು ಒಂದಕ್ಷರವನ್ನೂ ಬದಲಿಸಬೇಡ.

ನಾಲ್ಕನೇ ತಾರೀಕು ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನೀನು ಸ್ಟ್ಯಾಂಡಿಗೆ ಬರಬೇಡ. ಮೊದಲು ಅನ್ನಮ್ಮನ ಮನೆಗೆ ಹೋಗುತ್ತೇನೆ, ಒಬ್ಬನೇ. ಲಕೋಟೆಯ ವಿಷಯ ಅವಳಿಗೆ ನಾನೇ ಹೇಳಬೇಕು. ಕದ ತೆರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ತೆರೆದರೆ ಬೈಯುತ್ತಾಳೆ. ಬೈದದ್ದು ನನಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಎದ್ದು ಬರುವುದಿಲ್ಲ. ಅವಳ ಬಾಯಿಯನ್ನೇ ನೋಡುತ್ತ, ಅದು ನಿಲ್ಲುವ ತನಕ ಕೂತಿರುತ್ತೇನೆ.

ನಿನ್ನಪ್ಪ
ಭೀಮಣ್ಣ